ರೇಡಿಯೋದೊಳಗಿನ ಸೋಮಾರಿಗಳು

ರೇಡಿಯೋ ಎಂಬ ಪೆಟ್ಟಿಗೆಯಲ್ಲಿ ಅರ್ಥವಾಗದಂಥದ್ದು ಏನೂ ಇಲ್ಲ ಎಂದು ನಾನು ಬಹಳ ದಿನಗಳಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹಾಗೆ ಹೇಳುವ ಅಧಿಕಾರ ನನಗಿತ್ತು. ಕೊರಟಗೆರೆಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಊರಿನ ವಾಚನಾಲಯಕ್ಕೆ ಗೌರವ ಕಾರ್ಯದರ್ಶಿಯೂ ನಾನೇ. ಯಾರೋ ಪುಣ್ಯಾತ್ಮರು ಆ ವಾಚನಾಲಯಕ್ಕೆ ಒಂದು ರೇಡಿಯೋ ದಾನ ಮಾಡಿದ್ದರು. ಅದನ್ನಿಟ್ಟ ಬೀರುವಿನ ಬೀಗದ ಕೈ ನನ್ನ ಉಡಿದಾರದಲ್ಲಿ ನೇತಾಡುತ್ತಿತ್ತು. ಬೀಗದ ಕೈ ಬಂದ ದಿನವೇ ವಿದ್ಯೆಯೂ ಬಂತೆಂದು ನಾನು ತಿಳಿದದ್ದು ನನ್ನೊಬ್ಬನ ತಪ್ಪಲ್ಲ, ಊರಿನವರೂ ಹಾಗೆಯೇ ತಿಳಿದಿದ್ದರು.

ಹಾಗೆ ತಿಳಿಯದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಗಿರಿಜೆ. ಇನ್ನೊಬ್ಬರು ನಮ್ಮ ದೊಡ್ಡಪ್ಪ. ದೊಡ್ಡಪ್ಪ ನಮ್ಮ ಮನೆಯಲ್ಲೇ ಇದ್ದರು. ಬೆಳಗ್ಗೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಕೂತರೆ ಊಟಕ್ಕೆ ಕರೆಯುವವರೆಗೆ ಕದಲುತ್ತಿರಲಿಲ್ಲ. ಊಟವಾದ ಮೇಲೆ ಮತ್ತೆ ಜಗಲಿ. ಕೈಯಲ್ಲಿ ನಶ್ಯದ ಡಬ್ಬಿ, ಕಣ್ಣು ಬೀದಿಯ ಮೇಲೆ. ಅವರಿಗೆ ಇದ್ದ ಕೆಲಸ ಒಂದೇ. ನಾನು ಏನು ಮಾಡಲು ಹೊರಟರೂ "ಬ್ಯಾಡ ಕಣ್ಲಾ" ಅನ್ನುವುದು.

ಯುದ್ಧದ ಕಾಲ. ಊರಿಗೆ ಕರೆಂಟು ಬಂದಿರಲಿಲ್ಲ. ನಮ್ಮ ರೇಡಿಯೋ ಎರಡು ಬ್ಯಾಟರಿಗಳ ಮೇಲೆ ನಡೆಯುತ್ತಿತ್ತು. ಒಂದು ಗಾಜಿನ ಪೆಟ್ಟಿಗೆಯ ಆಸಿಡ್ ಬ್ಯಾಟರಿ. ಅದು ಖಾಲಿಯಾದರೆ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ತುಮಕೂರಿಗೆ ಕಳಿಸಿ ಚಾರ್ಜು ಮಾಡಿಸಿ ತರಿಸುತ್ತಿದ್ದೆವು. ಇನ್ನೊಂದು ಇಟ್ಟಿಗೆಯಷ್ಟು ಭಾರದ ದೊಡ್ಡ ಒಣ ಬ್ಯಾಟರಿ. ದನಿಗೆ ಬಲ ಕೊಡುವುದು ಅದೇ. ಅದು ಮುಗಿದರೆ ಮುಗಿಯಿತು, ಚಾರ್ಜು ಗೀರ್ಜು ಇಲ್ಲ, ಹೊಸದೇ ಬರಬೇಕು. ಯುದ್ಧದ ಕಾರಣ ಹೊಸದು ಎಲ್ಲೂ ಸಿಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಚನ್ನರಾಯನದುರ್ಗದಿಂದ ನಮ್ಮ ಮಾವನ ಕಾಗದ ಬಂತು. ನಮ್ಮ ಮಾವ ಪಿಟೀಲು ನುಡಿಸುವುದರಲ್ಲಿ ಸುತ್ತಲ ಹತ್ತು ಹಳ್ಳಿಗೆ ಹೆಸರಾದವರು. ಅವರನ್ನು ಮೈಸೂರಿನ ರೇಡಿಯೋದವರು ಕರೆಸಿಕೊಂಡಿದ್ದರು. ಬರುವ ಶನಿವಾರ ಸಂಜೆ ಆರೂಕಾಲಕ್ಕೆ, ಸರಿಯಾಗಿ ಹದಿನೈದು ನಿಮಿಷ. "ಒಂದು ತಿಂಗಳಿಂದ ಕಾಂಬೋಧಿ ರಾಗವನ್ನೇ ಸಾಧನೆ ಮಾಡುತ್ತಿದ್ದೇನೆ. ನಿಮ್ಮತ್ತೆಯನ್ನು ಕೊರಟಗೆರೆಗೆ ಕಳಿಸುತ್ತೇನೆ, ರೇಡಿಯೋ ನಿಮ್ಮ ಕೈಯಲ್ಲೇ ಇದೆಯಲ್ಲ" ಎಂದು ಬರೆದಿದ್ದರು.

ಸೋಮವಾರ ಅತ್ತೆ ಒಂದು ಡಬ್ಬಿ ಚಕ್ಕುಲಿಯೊಂದಿಗೆ ಬಂದಿಳಿದರು. ಮಾತು ಕಡಿಮೆಯ ಹೆಂಗಸು. ಅವತ್ತು ಮಾತ್ರ ಕಾಲು ತೊಳೆದವರೇ ನನ್ನನ್ನು ಕೇಳಿದರು.

"ಅಳಿಯಂದ್ರೇ, ಶನಿವಾರ ಚೆನ್ನಾಗಿ ಕೇಳ್ಸುತ್ತೆ ತಾನೆ?"

"ಎದುರಿಗೇ ಕೂತು ನುಡಿಸಿದಂಗೆ ಕೇಳ್ಸುತ್ತೆ ಅತ್ತೆ. ಅದೇನು ಹೊಸ ಮಾತು, ಮನೇಲೇ ಮೂವತ್ತು ವರ್ಷದಿಂದ ಕೇಳಿದೀರಲ್ಲ."

"ಎಲ್ಲಿ ಕೇಳಿದೀನಿ?" ಅಂದರು ಅತ್ತೆ. "ಅವ್ರು ನಡುಮನೇಲಿ ನುಡಿಸ್ತಾರೆ, ಜನ ಬರ್ತಾರೆ, ಬಂದೋರಿಗೆಲ್ಲ ಅಡುಗೆ ಆಗ್ಬೇಕು. ನಾನು ಗೋಡೆ ಆಚೆ ಒಲೆ ಮುಂದೆ. ರೊಟ್ಟಿ ತಟ್ಟೋ ಸದ್ದಲ್ಲಿ ಏನು ಕೇಳ್ಸುತ್ತೆ? ಅವ್ರ ಎದುರಿಗೆ ಕೂತು ಒಂದ್ಸಲಾನೂ ಕೇಳಿಲ್ಲ ಕಣ್ರೀ. ಶನಿವಾರ ಕೇಳೋಣ ಅಂತ ಬಂದೆ."

ಪ್ರಾಣ ಹೋದರೂ ಸರಿ, ಈ ತಾಯಿಗೆ ಆ ಹದಿನೈದು ನಿಮಿಷ ಕೇಳಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಪ್ರಾಣಕ್ಕೇನೂ ಆಗಲಿಲ್ಲ. ಆದದ್ದೆಲ್ಲ ರೇಡಿಯೋಕ್ಕೆ.

ಅಂದು ಸಂಜೆ ವಾಚನಾಲಯದಲ್ಲಿ ವಾರ್ತೆ ಹಾಕಿದಾಗ ದನಿ ಸ್ವಲ್ಪ ಬಡವಾಗಿತ್ತು. ಒಣ ಬ್ಯಾಟರಿ ಇಳಿಯುತ್ತಿತ್ತು. ಸುಮ್ಮನೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಶನಿವಾರದವರೆಗೆ ಧಾರಾಳವಾಗಿ ಬರುತ್ತಿತ್ತು ಎಂದು ಈಗ ಗೊತ್ತು. ಆದರೆ ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಸ್ಕೂಲಿನ ಬೀರುವಿನಿಂದ ರೇಡಿಯೋ ಕುರಿತ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದು ಮಂಗಳವಾರ ಓದಲು ಕೂತೆ.

ಹದಿನಾಲ್ಕನೆಯ ಪುಟದಲ್ಲಿ ನನಗೆ ಜ್ಞಾನೋದಯವಾಯಿತು. ರೇಡಿಯೋದ ಬಿಡಿಭಾಗಗಳಲ್ಲಿ ಎರಡು ಪಂಗಡವಂತೆ. ಒಂದು ಆಕ್ಟಿವ್, ಇನ್ನೊಂದು ಪ್ಯಾಸಿವ್. ವಾಲ್ವುಗಳು ಆಕ್ಟಿವ್, ಸಣ್ಣ ದನಿಯನ್ನು ದೊಡ್ಡದು ಮಾಡುವ ಶಕ್ತಿ ಅವಕ್ಕೆ ಮಾತ್ರ ಉಂಟು. ರೆಸಿಸ್ಟರು, ಕಂಡೆನ್ಸರು, ತಂತಿಸುರುಳಿ ಇವೆಲ್ಲ ಪ್ಯಾಸಿವ್. ಇವು ಯಾವ ದನಿಯನ್ನೂ ದೊಡ್ಡದು ಮಾಡಲಾರವು. ಕಂಡೆನ್ಸರು ತಂತಿಸುರುಳಿಗಳು ಬಂದ ವಿದ್ಯುತ್ತನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಹಿಂದಕ್ಕೆ ಕೊಡುತ್ತವೆ. ರೆಸಿಸ್ಟರು ಅದನ್ನೂ ಮಾಡುವುದಿಲ್ಲ, ಬಂದದ್ದನ್ನು ತಿಂದು ಮೈ ಬೆಚ್ಚಗೆ ಮಾಡಿಕೊಂಡು ಕೂತಿರುತ್ತದೆ.

ಇಷ್ಟು ಓದುವಷ್ಟರಲ್ಲಿ ಗಿರಿಜೆ ಊಟಕ್ಕೆ ಕರೆದಳು. ಪುಸ್ತಕ ಮುಚ್ಚಿಟ್ಟೆ. ಹದಿನೈದನೆಯ ಪುಟವನ್ನು ನಾನು ಓದಲಿಲ್ಲ. ಓದುಗರು ಇದನ್ನು ನೆನಪಿನಲ್ಲಿಡಬೇಕು.

ಊಟದ ನಡುವೆ ಗಿರಿಜೆಗೆ ವಿಷಯ ವಿವರಿಸಿದೆ. "ನೋಡು, ರೇಡಿಯೋ ಅಂದ್ರೆ ಒಂದು ಸಂಸಾರ. ದುಡಿಯೋ ವಾಲ್ವು ನಾಲ್ಕೇ. ಕೂತು ತಿನ್ನೋರು ನಲವತ್ತು ಜನ. ಬ್ಯಾಟರಿ ಖಾಲಿಯಾಗದೆ ಇನ್ನೇನಾಗುತ್ತೆ?"

"ಅದಕ್ಕೆ?"

"ಕೂತು ತಿನ್ನೋರಲ್ಲಿ ಒಂದಿಬ್ಬರನ್ನ ಆಚೆಗೆ ಹಾಕಿದ್ರೆ ಬ್ಯಾಟರಿ ಉಳಿಯುತ್ತೆ. ಶನಿವಾರ ಮಾವನ ಪಿಟೀಲು ಗಂಟೆ ಬಾರಿಸಿದಂಗೆ ಕೇಳ್ಸುತ್ತೆ."

ಪಕ್ಕದ ಎಲೆಯ ಮುಂದೆ ಕೂತಿದ್ದ ದೊಡ್ಡಪ್ಪ ತಲೆ ಎತ್ತಿದರು. "ಬ್ಯಾಡ ಕಣ್ಲಾ ಲಿಂಗಣ್ಣ. ಮಾಡಿದೋನು ಸುಮ್‌ಸುಮ್ನೆ ಮಡಗಿರ್ತಾನಾ?"

ಅವರಿಗೆ ನೋವಾಗಿರಬೇಕು ಅಂದುಕೊಂಡೆ. ಒಂದೇ ಪಂಗಡದವರಲ್ಲವೆ, ಹೊಟ್ಟೆಯೊಳಗಿನ ಸಂಕಟ ಇದ್ದೇ ಇರುತ್ತದೆ. ಉದಾರವಾಗಿ ನಕ್ಕು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಬುಧವಾರ ಮಧ್ಯಾಹ್ನ ವಾಚನಾಲಯದ ಬಾಗಿಲು ಮುಂದೆ ಮಾಡಿಕೊಂಡು ರೇಡಿಯೋದ ಬೆನ್ನು ಬಿಚ್ಚಿದೆ. ನಾಲ್ಕು ವಾಲ್ವುಗಳು ಕೆಂಡದ ಕಿಡಿಯಷ್ಟು ಕೆಂಪಗೆ ಹೊತ್ತಿಕೊಂಡು ದುಡಿಯುತ್ತಿದ್ದವು. ನೋಡಿದರೆ ಗೌರವ ಬರುವಂತಿತ್ತು. ಅವುಗಳ ಕೆಳಗೆ ಉಳಿದ ಪರಿವಾರ ಕೈಕಾಲು ಚಾಚಿಕೊಂಡು ಬಿದ್ದಿತ್ತು. ಬೆಳಕಿಲ್ಲ, ಸದ್ದಿಲ್ಲ, ಚಲನೆಯಿಲ್ಲ. ಶ್ರೀಮನ್ಮಹಾರಾಜರ ಸರ್ಕಾರದಲ್ಲಿಯೂ ಇಷ್ಟು ಜನ ಏಕಕಾಲದಲ್ಲಿ ಕೆಲಸವಿಲ್ಲದೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಮೊದಲು ಕೈ ಹಾಕಿದ್ದು ಮೇಣ ಮೆತ್ತಿದ ಒಂದು ಕಂಡೆನ್ಸರಿಗೆ. "ಸದರಿ ಕಂಡೆನ್ಸರು ಯಾವುದೇ ಕೆಲಸ ನಿರ್ವಹಿಸುತ್ತಿರುವುದು ಕಂಡುಬಾರದ ಕಾರಣ, ಈ ಕೂಡಲೇ ಕೆಲಸದಿಂದ ತೆಗೆದುಹಾಕಲು ಆಜ್ಞಾಪಿಸಲಾಗಿದೆ" ಎಂದು ಗಟ್ಟಿಯಾಗಿ ಓದಿ ಇಕ್ಕಳದಿಂದ ಕತ್ತರಿಸಿದೆ. ಉಸಿರು ಬಿಗಿಹಿಡಿದು ಸ್ವಿಚ್ಚು ತಿರುಗಿಸಿದೆ. ರೇಡಿಯೋ ಹಾಡಿತು! ದನಿ ಸ್ವಲ್ಪ ಕೀರಲಾಗಿತ್ತು, ಅಷ್ಟೆ. ನನ್ನ ಸಿದ್ಧಾಂತ ಸಾಬೀತಾಯಿತು.

ಅಲ್ಲಿಗೇ ಏಳಬೇಕಾಗಿತ್ತು. ಏಳಲಿಲ್ಲ.

ಎರಡನೆಯದು ಒಂದು ರೆಸಿಸ್ಟರು. ಬೆರಳ ತುದಿಯಷ್ಟುದ್ದ, ಮೈಮೇಲೆ ಬಣ್ಣದ ಪಟ್ಟೆ. ದೊಡ್ಡ ಬ್ಯಾಟರಿಯ ತಂತಿಯ ಬಾಗಿಲಲ್ಲೇ ಕೂತಿತ್ತು. ಬರುವ ಹೋಗುವ ಕರೆಂಟೆಲ್ಲ ಅದರ ಬಾಯಿಂದಲೇ ಹಾದುಹೋಗಬೇಕು. ಮುಟ್ಟಿ ನೋಡಿದೆ, ಬೆಚ್ಚಗಿದ್ದಂತೆ ತೋರಿತು. ಬ್ಯಾಟರಿ ತಿನ್ನುವ ಕಳ್ಳ ಇವನೇ ಎಂದು ಖಾತ್ರಿಯಾಯಿತು. ಕತ್ತರಿಸಿದೆ. ರೇಡಿಯೋ ಗಪ್ಪಾಯಿತು.

ಸ್ವಿಚ್ಚನ್ನು ಎರಡು ಸಲ ಆಚೀಚೆ ತಿರುಗಿಸಿದೆ, ಪ್ರಯೋಜನವಿಲ್ಲ. ಆದರೂ ವಿಜ್ಞಾನದ ಮೇಷ್ಟ್ರು ನಾನು. ದಾರಿ ಕಿತ್ತರೆ ನಡಿಗೆ ನಿಲ್ಲುವುದು ಸಹಜ; ಕಳ್ಳನನ್ನು ತೆಗೆದು ದಾರಿಯನ್ನು ಕೂಡಿಸಿದರಾಯಿತು. ಉಳಿದ ಎರಡು ತಂತಿಗಳ ತುದಿಯನ್ನು ಒಂದಕ್ಕೊಂದು ಹೊಸೆದು ಸ್ವಿಚ್ಚು ತಿರುಗಿಸಿದೆ.

ರೇಡಿಯೋ ಅಬ್ಬರಿಸಿತು! ಅದುವರೆಗೆ ಆ ಪೆಟ್ಟಿಗೆಯಿಂದ ಅಂಥ ದನಿ ಬಂದಿರಲಿಲ್ಲ. ಸ್ವಲ್ಪ ಗೊಗ್ಗರಾಗಿತ್ತು ನಿಜ, ನೆಗಡಿಯಾದವರು ಕೂಗಾಡಿದಂತಿತ್ತು. ಆದರೆ ದನಿ ಬೀದಿಗೆ ಕೇಳಿಸುತ್ತಿತ್ತು. ಅಂಗಡಿಯವರು ತಕ್ಕಡಿ ಬಿಟ್ಟು ಬಂದರು. "ಮೇಷ್ಟ್ರು ರೇಡಿಯೋ ರಿಪೇರಿ ಮಾಡವ್ರೆ" ಎಂದು ಊರೆಲ್ಲ ಸುದ್ದಿಯಾಯಿತು. ತೆಗೆದ ಎರಡು ಭಾಗಗಳನ್ನು ಮನೆಗೆ ತಂದು, ಕಿಟಕಿಯ ಮೇಲಿದ್ದ ದೊಡ್ಡಪ್ಪನ ಹಳೆಯ ನಶ್ಯದ ಡಬ್ಬಿಗೆ ಹಾಕಿಟ್ಟೆ. ಸೋಮಾರಿಗಳಿಗೆ ತಕ್ಕ ವಸತಿ ಅನ್ನಿಸಿತು.

ಗುರುವಾರ, ಶುಕ್ರವಾರ ಎರಡು ದಿನ ನನ್ನ ಜೀವನದ ವೈಭವದ ದಿನಗಳು. ಬೆಳಗ್ಗೆ ಸಂಜೆ ವಾಚನಾಲಯದ ಮುಂದೆ ಜನ. ಕೇಳಿದವರಿಗೆಲ್ಲ ಹಾಕಿದೆ. ಕೇಳದವರಿಗೂ ಹಾಕಿದೆ. ಸೋಮಾರಿಗಳನ್ನು ತೆಗೆದಿದ್ದರಿಂದ ಬ್ಯಾಟರಿ ದಂಡಿಯಾಗಿ ಉಳಿಯುತ್ತಿದೆಯಲ್ಲ, ಇನ್ನೇನು ಭಯ? ಶುಕ್ರವಾರ ಸಂಜೆ ದನಿ ಸ್ವಲ್ಪ ಕುಗ್ಗಿದಂತೆ ಕಂಡಾಗ, ವಾರ್ತೆ ಓದುವವರಿಗೇ ಆಯಾಸವಾಗಿದೆ ಎಂದು ವಿವರಿಸಿದೆ.

ಶನಿವಾರ ಬೆಳಗ್ಗೆ ವಾಚನಾಲಯದ ಸಮಿತಿಯವರ ಒಪ್ಪಿಗೆ ಪಡೆದು ರೇಡಿಯೋವನ್ನು ನಮ್ಮ ಮನೆಯ ನಡುಮನೆಗೆ ತಂದೆ. ಅತ್ತೆ ತಲೆಗೆ ಎರೆದುಕೊಂಡು, ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು, ಅದರ ಮುಂದೆ ಮಣೆ ಹಾಕಿಕೊಂಡು ಒಂದು ಸಲ ಕೂತು ನೋಡಿದರು. "ಇಲ್ಲಿ ಕೂತ್ರೆ ಸರೀನಾ ಅಳಿಯಂದ್ರೇ?" ಸರಿಯೆಂದು ಹೇಳಿ ನಾನು ಸ್ವಿಚ್ಚು ತಿರುಗಿಸಿದೆ.

ಸದ್ದಿಲ್ಲ. ಕಿವಿಯಿಟ್ಟೆ. ಒಳಗೆ ಇರುವೆ ನಡೆದಷ್ಟೂ ಸದ್ದಿಲ್ಲ.

ಗಿರಿಜೆ ನನ್ನ ಮುಖ ನೋಡಿದಳು. ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು. "ರೀ, ನಿಜ ಹೇಳಿ. ಏನು ಮಾಡಿದ್ರಿ?"

ನಶ್ಯದ ಡಬ್ಬಿ ತೆಗೆದು ತೋರಿಸಿದೆ. ಅವಳು ಡಬ್ಬಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. "ಅವ್ವ ಒಂದು ದಿನಕ್ಕೂ ನನಗಿಂಥದ್ದು ಬೇಕು ಅಂತ ಬಾಯಿ ಬಿಟ್ಟೋಳಲ್ಲ. ಇದೊಂದು ಕೇಳಿದ್ಲು" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಿಜವಾಗಿಯೂ ಅಳು ಬಂತು.

ಜಗಲಿಯಿಂದ ದೊಡ್ಡಪ್ಪನ ದನಿ ಬಂತು. "ಲೇ ಲಿಂಗಣ್ಣ, ಸಿರಾ ಬುಡೇನ್ ಸಾಬ್ರು ಬೆಳಗ್ಗೆ ಬಸ್ಸಲ್ಲಿ ಇಳಿದ್ರು. ತಾಲ್ಲೂಕು ಕಚೇರಿ ಗಡಿಯಾರ ಕೆಟ್ಟೈತೆ. ಇನ್ನೂ ಅಲ್ಲೇ ಅವ್ರೆ, ವಾಪಸ್ ಹೋಗಿದ್ದು ನಾನ್ ನೋಡಿಲ್ಲ."

ಬುಡೇನ್ ಸಾಹೇಬರು ಸಿರಾದಲ್ಲಿ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುವವರು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಕಚೇರಿಗೆ ಓಡಿಹೋಗಿ ಅಂಗಲಾಚಿ ಕರೆತಂದೆ. ಅವರು ರೇಡಿಯೋದ ಹಿಂಬದಿ ಇಣುಕಿ ನೋಡಿ, ನಾನು ಹೊಸೆದ ತಂತಿಯ ಹತ್ತಿರ ಬಂದೊಡನೆ ಕನ್ನಡಕ ತೆಗೆದು ಒರೆಸಿಕೊಂಡರು.

"ಯಾ ಅಲ್ಲಾ. ಇಲ್ಲಿದ್ದ ರೆಸಿಸ್ಟರು ಎಲ್ಲಿ ಮೇಷ್ಟ್ರೇ?"

ನಶ್ಯದ ಡಬ್ಬಿ ಮುಂದೆ ಹಿಡಿದೆ. "ಅದು ಪ್ಯಾಸಿವ್ ಸಾಹೇಬರೇ. ಬ್ಯಾಟರಿ ತಿನ್ನುತ್ತಿತ್ತು."

"ಇದು ತಿನ್ನೋದು ಒಂದು ಚಿಟಿಕೆ. ವಾಲ್ವು ಕುದುರೆ ಇದ್ದಂಗೆ, ಇದು ಅದರ ಲಗಾಮು. ಲಗಾಮು ಗಾಡಿ ಎಳೆಯಲ್ಲ, ನಿಜ. ನೀವು ಬಿಚ್ಚಿಟ್ರಿ. ಕುದುರೆ ಓಡ್ತು, ಜೋರಾಗಿ ಓಡ್ತು. ತಿಂಗಳ ಹುರುಳಿ ಎರಡೇ ದಿನಕ್ಕೆ ತಿಂದು ಹಾಕ್ತು. ಈಗ ಬ್ಯಾಟರಿ ಬಿಲ್ಕುಲ್ ಖಾಲಿ."

ಅಂದರೆ ಬ್ಯಾಟರಿ ಉಳಿಸುತ್ತಿದ್ದವನನ್ನೇ ಕಳ್ಳನೆಂದು ಹೊರಗೆ ಹಾಕಿ, ತಿನ್ನುವವರಿಗೆ ಉಗ್ರಾಣದ ಬಾಗಿಲು ತೆರೆದುಕೊಟ್ಟು, ಎರಡು ದಿನ ಊರೆಲ್ಲ ಮೆರೆದಿದ್ದೆ! ದೊಡ್ಡಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಒಂದು ಚಿಟಿಕೆ ನಶ್ಯ ಏರಿಸಿದರು, ಅಷ್ಟೆ.

ಸಾಹೇಬರು ಬೆಸುಗೆ ಕಡ್ಡಿಯನ್ನು ನಮ್ಮ ಒಲೆಯ ಕೆಂಡದಲ್ಲಿ ಕಾಯಿಸಿ, ಇಬ್ಬರು ಸೋಮಾರಿಗಳನ್ನೂ ಮೊದಲಿನ ಹುದ್ದೆಯಲ್ಲಿ ಕೂರಿಸಿದರು. ಆದರೆ ಬ್ಯಾಟರಿಗೆ ಏನು ಮಾಡುವುದು? ಅವರು ಗಡ್ಡ ನೀವಿಕೊಂಡು ಬಹಳ ಹೊತ್ತು ಯೋಚಿಸಿದರು.

"ಒಂದು ದಾರಿ ಇದೆ. ಟಾರ್ಚಿಗೆ ಹಾಕೋ ಸೆಲ್ಲು ಇರುತ್ತಲ್ಲ, ಅವನ್ನ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದ್ರೆ ದೊಡ್ಡ ಬ್ಯಾಟರಿ ಆಗುತ್ತೆ. ದನಿ ಸಣ್ಣಗೆ ಬರುತ್ತೆ, ಆದ್ರೆ ಬರುತ್ತೆ. ನಲವತ್ತು ಸೆಲ್ಲು ಬೇಕು."

ನಲವತ್ತು! ಯುದ್ಧದ ಕಾಲದಲ್ಲಿ ಟಾರ್ಚಿನ ಸೆಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಯಾರ ಮನೆಯಲ್ಲಿ ಟಾರ್ಚಿದೆ ಎಂದು ಊರೆಲ್ಲ ಕೇಳಿಕೊಂಡು ಬರುವಷ್ಟರಲ್ಲಿ ಮಾವನ ಕಛೇರಿ ಮುಗಿದಿರುತ್ತದೆ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

"ಅಮಲ್ದಾರ್ರ ಮನೇಲಿ ಮೂರು ಸೆಲ್ಲಿಂದು ಎರಡೈತೆ" ಅಂದರು ದೊಡ್ಡಪ್ಪ. ಎಲ್ಲರೂ ತಿರುಗಿ ನೋಡಿದೆವು. "ಡಾಕ್ಟ್ರ ಹತ್ರ ಐದು ಸೆಲ್ಲಿಂದು ಒಂದು. ಬಟ್ಟೆ ಅಂಗಡಿ ನಂಜಪ್ಪ ಕೊಟ್ಟಿಗೆಗೆ ಹೋಗುವಾಗ ಮೂರ್ ಸೆಲ್ಲಿಂದು ಹಿಡ್ಕಂಡು ಹೋಗ್ತಾನೆ. ರೇಂಜರ್ ಆಫೀಸಲ್ಲಿ ಮೂರು ಟಾರ್ಚು, ಒಂದು ಕೆಟ್ಟೈತೆ, ಆದ್ರೆ ಸೆಲ್ಲು ಚೆನ್ನಾಗವೆ..."

ಜಗಲಿಯ ಮೇಲೆ ಕೂತು ವರ್ಷಗಟ್ಟಲೆ ಬೀದಿ ನೋಡಿದ ಮನುಷ್ಯ. ಊರಿನಲ್ಲಿ ಸಂಜೆಯ ಮೇಲೆ ಯಾರ ಕೈಯಲ್ಲಿ ಏನು ಹೊಳೆಯುತ್ತದೆ ಎಂಬುದೆಲ್ಲ ಅವರ ತಲೆಯೊಳಗೆ ಕೂಡಿಟ್ಟಿತ್ತು. ಕೂಡಿಟ್ಟು ಬೇಕಾದಾಗ ಹಿಂದಕ್ಕೆ ಕೊಡುವವರು! ನಾನು ಒಂದೊಂದೇ ಮನೆಗೆ ಓಡಿದೆ. "ದೊಡ್ಡಪ್ಪ ಹೇಳಿ ಕಳಿಸಿದರು" ಎಂದರೆ ಕೊಟ್ಟರು. "ರೇಡಿಯೋ ರಿಪೇರಿ ಮಾಡೋ ಮೇಷ್ಟ್ರೇ ಸೋಮವಾರ ವಾಪಸ್ ತಂದ್ಕೊಡ್ಬೇಕು" ಎಂದು ಡಾಕ್ಟರು ನಕ್ಕರು. ಐದು ಗಂಟೆಯೊಳಗೆ ನಲವತ್ತೆರಡು ಸೆಲ್ಲು ಸೇರಿದವು.

ಸಾಹೇಬರು ಎರಡು ಬಿದಿರನ್ನು ಉದ್ದಕ್ಕೆ ಸೀಳಿಸಿ, ಅದರ ದೋಣಿಯಲ್ಲಿ ಸೆಲ್ಲುಗಳನ್ನು ಎರಡು ಸಾಲಾಗಿ ಮಲಗಿಸಿದರು. ಆ ತುದಿಯಲ್ಲಿ ಎರಡೂ ಸಾಲಿಗೆ ಒಂದು ಹಿತ್ತಾಳೆ ಪಟ್ಟಿ ಅಡ್ಡ ಕೊಟ್ಟು ಗೋಡೆಗೆ ಒತ್ತರಿಸಿದರು. ಈ ತುದಿಯಲ್ಲಿ ರೇಡಿಯೋಕ್ಕೆ ಹೋಗುವ ತಂತಿಗಳು. ನಡುಮನೆಯಲ್ಲಿ ಆಗಲೇ ಹತ್ತು ಹನ್ನೆರಡು ಜನ ಸೇರಿದ್ದರಿಂದ ಬಿದಿರು ಹಾಸಲು ಜಾಗವಿಲ್ಲದೆ ಅಡುಗೆಮನೆಯಲ್ಲಿ ಹಾಸಿ, ತಂತಿಯನ್ನು ಗೋಡೆಯ ಕಿಂಡಿಯಿಂದ ಈಚೆಗೆ ಎಳೆದಿದ್ದಾಯಿತು.

"ಈ ತುದೀಲಿ ಸ್ಪ್ರಿಂಗ್ ಬೇಕು" ಎಂದರು ಸಾಹೇಬರು. "ಇಲ್ದಿದ್ರೆ ಸೆಲ್ಲು ಒಂದಕ್ಕೊಂದು ಮುಟ್ಟಲ್ಲ. ಯಾರಾದ್ರೂ ಎರಡು ಅಂಗೈಯಲ್ಲಿ ಒತ್ತಿ ಹಿಡಿದು ಅಲ್ಲಾಡದೆ ಕೂತಿರಬೇಕು. ಏನೂ ಮಾಡ್ಬಾರದು. ಸುಮ್ನೆ ಕೂತಿರಬೇಕು."

ಎಲ್ಲರೂ ನನ್ನನ್ನೇ ನೋಡಿದರು. ಸುಮ್ಮನೆ ಕೂರುವ ಕೆಲಸಕ್ಕೆ ನನ್ನನ್ನು ಯಾರಾದರೂ ನಂಬಿದ್ದು ಅದೇ ಮೊದಲು.

ಅಡುಗೆಮನೆಯ ನೆಲದ ಮೇಲೆ, ಒಲೆಗೆ ಬೆನ್ನು ಕೊಟ್ಟು ಕೂತೆ. ಅಂಗೈಗೆ ವಲ್ಲಿ ಬಟ್ಟೆ ಮಡಿಸಿ ಕೊಟ್ಟಿದ್ದರು. ಆರೂಕಾಲಾಯಿತು. ಗೋಡೆಯಾಚೆ ಸ್ವಿಚ್ಚು ತಿರುಗಿದ ಸದ್ದು. ಆಮೇಲೆ "ಬಂತು, ಬಂತು" ಎಂಬ ಪಿಸುಮಾತು. ದನಿ ಎಷ್ಟು ಸಣ್ಣಗಿತ್ತೆಂದರೆ ಪೆಟ್ಟಿಗೆಗೆ ಕಿವಿ ಹಚ್ಚಿದ ಒಬ್ಬರಿಗೆ ಮಾತ್ರ ಕೇಳಿಸುವಂತಿತ್ತು. ಬಂದಿದ್ದ ಜನರೆಲ್ಲ ತಾವಾಗಿಯೇ ಹಿಂದೆ ಸರಿದು, ಅತ್ತೆಯನ್ನು ಮುಂದೆ ಕೂರಿಸಿದರಂತೆ. ಅವರು ಕಿವಿಯ ಓಲೆ ಬಿಚ್ಚಿ ಮಡಿಲಿಗೆ ಹಾಕಿಕೊಂಡು, ಕೆನ್ನೆಯನ್ನು ಪೆಟ್ಟಿಗೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರಂತೆ. ಇದೆಲ್ಲ ಗಿರಿಜೆ ಆಮೇಲೆ ಹೇಳಿದ್ದು. ನನಗೆ ಕಂಡದ್ದು ಸಾರಿನ ಪಾತ್ರೆ.

ಮೂರನೆಯ ನಿಮಿಷಕ್ಕೆ ನನ್ನ ಮೂಗಿನ ಮೇಲೆ ನೊಣ ಕೂತಿತು. ಓಡಿಸುವಂತಿಲ್ಲ. ಅದಕ್ಕೂ ವಿಷಯ ತಿಳಿದಿತ್ತೆಂದು ಕಾಣುತ್ತದೆ, ಆರಾಮವಾಗಿ ಓಡಾಡಿಕೊಂಡಿತ್ತು. ಏಳನೆಯ ನಿಮಿಷಕ್ಕೆ ವಲ್ಲಿ ಬೆವರಿನಲ್ಲಿ ನೆನೆದು ಅಂಗೈ ಚುರುಚುರು ಅನ್ನತೊಡಗಿತು. ನಲವತ್ತೆರಡು ಸೆಲ್ಲಿನ ಕರೆಂಟು ಇನ್ನೊಂದು ದಾರಿ ಹುಡುಕುತ್ತಿತ್ತು, ಆ ದಾರಿ ನಾನಾಗಿದ್ದೆ. ಮೈ ನಿಧಾನವಾಗಿ ಬೆಚ್ಚಗಾಯಿತು. ಹದಿನಾಲ್ಕನೆಯ ಪುಟದ ಒಂದೊಂದು ಅಕ್ಷರವೂ ಆಗ ಅರ್ಥವಾಯಿತು. ಬಿಟ್ಟರೆ ಅತ್ತೆಗೆ ಕೇಳುತ್ತಿರುವ ಪಿಟೀಲು ನಿಲ್ಲುತ್ತದೆ. ಹಲ್ಲು ಕಚ್ಚಿ ಹಿಡಿದೆ. ಪಿಟೀಲಿನ ಒಂದು ಎಳೆ ದನಿಯೂ ನನ್ನ ಕಿವಿಗೆ ಬೀಳಲಿಲ್ಲ.

ಕಛೇರಿ ಮುಗಿದ ಮೇಲೆ ಅತ್ತೆ ಒಳಗೆ ಬಂದರು. ಕಣ್ಣು ಒದ್ದೆಯಾಗಿತ್ತು. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದರು. ಆ ನೊಣವನ್ನೂ ಓಡಿಸಿದರು.

ಸೋಮವಾರ ಮಾವ ಮೈಸೂರಿನಿಂದ ನೇರವಾಗಿ ನಮ್ಮ ಮನೆಗೇ ಬಂದರು. ಚೀಲ ಕೆಳಗಿಡುವ ಮೊದಲೇ ಕೇಳಿದರು. "ಹೆಂಗಿತ್ತು ಅಳಿಯಂದ್ರೇ? ಕೇಳಿದ್ರಾ?"

ಕೇಳಲಿಲ್ಲ ಎಂದರೆ ಡಬ್ಬಿಯ ಕಥೆ ಹೇಳಬೇಕಾಗುತ್ತಿತ್ತು. "ಅದನ್ನ ಬಾಯಲ್ಲಿ ಹೇಳೋಕಾಗಲ್ಲ ಮಾವ" ಎಂದೆ. "ಕಾಂಬೋಧಿ ಅಂದ್ರೆ ಅದು ಕಾಂಬೋಧಿ. ಅದರಲ್ಲೂ ಆ ಕೊನೆ ಭಾಗ ಇದೆಯಲ್ಲ, ರೋಮಾಂಚನ ಆಯ್ತು."

ಮಾವ ಚೀಲ ಹಿಡಿದುಕೊಂಡೇ ನಿಂತರು. "ಕಾಂಬೋಧಿ ನುಡಿಸ್ಲಿಲ್ಲವಲ್ಲ. ನನಗಿಂತ ಮುಂಚೆ ಹಾಡಿದೋರು ಅದನ್ನೇ ಹಾಡಿಬಿಟ್ರು. ಬೇರೆ ನುಡಿಸಿ ಅಂದ್ರು, ಮೋಹನ ನುಡಿಸ್ದೆ."

ಗಿರಿಜೆ ಸೂರು ನೋಡಿದಳು. ಆಗ ಅತ್ತೆ ಮಾವನ ಕೈಯಿಂದ ಚೀಲ ತೆಗೆದುಕೊಳ್ಳುತ್ತ ಹೇಳಿದರು.

"ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಅವ್ರು ಅಡುಗೆಮನೇಲಿ ಕೂತಿದ್ರು. ಅಲ್ಲಿಗೆ ಯಾವ ರಾಗ ಅಂತ ಕೇಳ್ಸಲ್ಲ ಕಣ್ರೀ. ಮೂವತ್ತು ವರ್ಷ ನಾನು ಕೂತಿದ್ದೆನಲ್ಲ."

ಮಾವ ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ಪಿಟೀಲಿನ ಪೆಟ್ಟಿಗೆ ಬಿಚ್ಚಿ, "ಇಲ್ಲಿ ಬಂದು ಕೂತ್ಕೊ" ಎಂದು ಅತ್ತೆಗೆ ಹೇಳಿ, ನಡುಮನೆಯಲ್ಲೇ ಶ್ರುತಿ ಮಾಡತೊಡಗಿದರು.

ನಾನು ಮೆಲ್ಲಗೆ ಜಗಲಿಗೆ ಬಂದೆ. ವಾಚನಾಲಯದ ಸಮಿತಿಯವರು ಬೆಳಗ್ಗೆಯೇ ಬೀಗದ ಕೈ ಇಸಿದುಕೊಂಡು ಹೋಗಿದ್ದರು. ಹದಿನೈದನೆಯ ಪುಟವನ್ನೂ ಅಂದೇ ಓದಿ ಮುಗಿಸಿದ್ದೆ. ಅದರ ಮೊದಲ ಸಾಲಿನಲ್ಲೇ ಬರೆದಿತ್ತು, ಪ್ಯಾಸಿವ್ ಭಾಗಗಳಿಲ್ಲದೆ ವಾಲ್ವು ಯಾವ ಕೆಲಸಕ್ಕೂ ಬಾರದು ಎಂದು.

ದೊಡ್ಡಪ್ಪ ನನ್ನನ್ನು ನೋಡಿದರು. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಕೂತ್ಕಳ್ಳಾ" ಅಂದರು. "ಅಭ್ಯಾಸ ಆಯ್ತದೆ."